ಕ್ರಿಸ್‌ಮಸ್ ದಿನ ಹರಿದ ನೀರು

ಹಲೋ… ಹಲೋ, ಯಾರು ಮಾತಾಡ್ತಿರೋದು? ಬಾಡಿಗೆ ಮನೆಗಳ ಆಫೀಸಾ?… ಜೂಲಿಯನ್ನಾ? ಹಾಂ, ನೀವೇ ಬೇಕಾಗಿತ್ತು. ನಾನು ಹಿಲರಿ ಕ್ಲೆಗ್. ಬೆಳಿಗ್ಗೆ ನಮ್ಮಪ್ಪನ ಕೈಗೆ ಬೀಗದ ಕೈ ಕೊಟ್ರಲ್ಲ, ಓಲ್ಡಮ್ ಊರಿನ ಕಾಲುವೆ ಪಕ್ಕದ ಮನೆ… ಹೂಂ, ಓಗ್ಡನ್ ಅವರ ಮಗಳು.

…

ಇಲ್ಲ ಇಲ್ಲ, ಮನೆಯೇನೋ ಚೆನ್ನಾಗಿದೆ. ಬಣ್ಣ ಹೊಡೆಸಿದೀರಿ, ಮೆಟ್ಟಿಲಿಲ್ಲ. ಅಪ್ಪನಿಗೆ ಬೇಕಾಗಿದ್ದೇ ಅದು. ಹಳೇ ಮನೆ ಮಹಡಿ ಹತ್ತೋಕೆ ಉಸಿರೇ ಸಾಲ್ತಿರಲಿಲ್ಲ. ಹತ್ತಿ ಗಿರಣಿಯ ಧೂಳು ತುಂಬಿದ ಎದೆ ಅದು. ಒಂದು ವಿಷಯ ಕೇಳ್ಬೇಕಿತ್ತು. ಅಕ್ಟೋಬರಿಂದ ಮನೆ ಖಾಲಿ ಇತ್ತು, ಅಲ್ವಾ? ಈ ಚಳಿಯಲ್ಲಿ ನೀರು ಹೆಪ್ಪುಗಟ್ಟಿ ಪೈಪು ಒಡೀದ ಹಾಗೆ ಹೇಗೆ ನೋಡ್ಕೊಂಡ್ರಿ?

…

ಓಹೋ, ನೀರೇ ನಿಲ್ಲಿಸಿಬಿಟ್ರಾ? ಸಿಂಕಿನ ಕೆಳಗಿನ ವಾಲ್ವು ತಿರುಗಿಸಿ? ನವೆಂಬರ್ ಹನ್ನೆರಡಕ್ಕೆ. ಸ್ವತಃ ನೀವೇ? ಭೇಷ್! ಮತ್ತೆ ತೆರೆದಿದ್ದು?… ನಿನ್ನೆ. ಅಂದ್ರೆ ಫೆಬ್ರವರಿ ಒಂಬತ್ತು. ನಡುವೆ ಒಂದು ಸಲವೂ ತೆರೆದಿಲ್ಲ? ಖಂಡಿತ?

…

ಹಾಂ. ಹಾಗಾದ್ರೆ ಬಿಸಿನೀರಿನ ಟ್ಯಾಂಕ್ ಇರೋ ಕಪಾಟಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದೀರಲ್ಲ, ಅದನ್ನ ಓದ್ತೀನಿ, ಕೇಳಿ. ‘ಖಾಲಿ ಮನೆ. ಪ್ರತಿ ಗುರುವಾರ ಎಲ್ಲ ನಲ್ಲಿ, ಶವರ್ ಐದು ನಿಮಿಷ ಬಿಡಲಾಗಿದೆ.’ ಕೆಳಗೆ ಗುರುವಾರದ ಮೇಲೆ ಗುರುವಾರ, ಒಂದೂ ತಪ್ಪಿಲ್ಲ. ಎಲ್ಲದರ ಮುಂದೆಯೂ ನಿಮ್ಮ ರುಜು. ಬರದೇ ಇರೋ ನೀರನ್ನ ಹೇಗೆ ಬಿಟ್ರಿ, ಜೂಲಿಯನ್?

…

ಕೇಳಿಸ್ಲಿಲ್ಲ. ಸ್ವಲ್ಪ ಜೋರಾಗಿ ಹೇಳಿ.

…

ಓ, ‘ದಾಖಲೆ ಪೂರ್ತಿ ಇರ್ಬೇಕು ಅಂತ.’ ಪೂರ್ತಿ ಇದೆ ಬಿಡಿ! ಡಿಸೆಂಬರ್ ಇಪ್ಪತ್ತೈದೂ ಇದೆ. ಅವತ್ತು ಊರಲ್ಲಿ ಬಸ್ಸೂ ಓಡಲ್ಲ. ನೀವು ಕ್ರಿಸ್‌ಮಸ್ ಊಟ ಅರ್ಧಕ್ಕೆ ಬಿಟ್ಟು, ಹಬ್ಬಕ್ಕೆ ತಲೆ ಮೇಲೆ ಇಟ್ಕೊಂಡ ಕಾಗದದ ಕಿರೀಟದ ಸಮೇತ ಓಡಿ ಬಂದ್ರಾ, ಖಾಲಿ ಮನೆ ಶವರ್ ತಿರುಗಿಸೋಕೆ? ಎಂಥಾ ಸೇವೆ ಸ್ವಾಮಿ ನಿಮ್ಮದು!

…

ಬರೀ ನೀರಲ್ವಾ ಅಂದ್ರೆ? ನಾನು ಯಾರು ಗೊತ್ತಾ ನಿಮಗೆ? ಆಸ್ಪತ್ರೆಯಲ್ಲಿ ನೆಲ ಒರೆಸೋಳು. ಖಾಲಿ ಬಿದ್ದ ವಾರ್ಡುಗಳ ನಲ್ಲೀನ ವಾರಕ್ಕೊಮ್ಮೆ ಬಿಟ್ಟು ಬರೋದು ನನ್ನ ಕೆಲಸ. ಹನ್ನೊಂದು ವರ್ಷದಿಂದ. ನಿಜವಾಗಿ ಬಿಟ್ಟ ಮೇಲೇನೇ ರುಜು ಹಾಕೋದು, ನಾವು ದಡ್ಡರು ನೋಡಿ. ನಿಂತ ನೀರಲ್ಲಿ ‘ಲೀಜನೆಲ್ಲಾ’ ಅನ್ನೋ ಕ್ರಿಮಿ ಬೆಳೆಯುತ್ತೆ. ಶವರಿನ ತುಂತುರು ಉಸಿರಿನ ಜೊತೆ ಒಳಗೆ ಹೋದ್ರೆ ನ್ಯುಮೋನಿಯಾ. ನಮ್ಮಪ್ಪನ ಶ್ವಾಸಕೋಶಕ್ಕೆ ಅಷ್ಟು ಸಾಕು.

…

ಅಪ್ಪಾ! ಬೇಡಪ್ಪ, ಆ ನಲ್ಲಿ ಮುಟ್ಬೇಡ. ಕೈ ಆಮೇಲೆ ತೊಳ್ಕೊಳ್ಳೋಣ. ಕುರ್ಚಿ ಮೇಲೆ ಕೂತ್ಕೋ, ಫ್ಲಾಸ್ಕಲ್ಲಿ ಟೀ ಬಿಸಿಯಾಗೇ ಇದೆ… ಏನಿಲ್ಲ, ಒಬ್ಬ ಜಾಣನ ಹತ್ರ ಮಾತಾಡ್ತಿದೀನಿ.

…

ಹಾಂ, ಹೇಳಿ. ಟ್ಯಾಂಕಾ? ಅದನ್ನೂ ನೋಡಿದೆ. ನಲವತ್ತು ಡಿಗ್ರಿಗೆ ಇಟ್ಟಿದೀರಿ. ಕ್ರಿಮಿ ಸಾಯೋಕೆ ಅರವತ್ತಿರಬೇಕು… ಗ್ಯಾಸ್ ಉಳಿಸೋಕೆ? ಚಳಿಗಾಲ ಪೂರ್ತಿ ಆ ಕ್ರಿಮಿಗಳಿಗೆ ಬೆಚ್ಚಗೆ ಹಾಸಿಗೆ ಹಾಸಿ ಮಲಗಿಸಿದೀರಿ. ಬಾಡಿಗೆದಾರರಿಗೂ ಇಷ್ಟು ಉಪಚಾರ ಮಾಡಿದ್ದೀರೋ ಇಲ್ವೋ.

…

ನಾನು ಹೇಳೋದಿಷ್ಟೇ. ಟ್ಯಾಂಕ್ ಅರವತ್ತಕ್ಕೆ ಏರಿಸಿ, ನೀರೆಲ್ಲ ಬದಲಾಗೋ ತನಕ ಹರಿಸಿ. ಶವರಿನ ತಲೆ ಬಿಚ್ಚಿ ಒಳಗೆ ಕಟ್ಟಿರೋ ಸುಣ್ಣ ತೆಗೆಸಿ. ನೀರು ಪರೀಕ್ಷೆ ಮಾಡೋರನ್ನ ಕರೆಸಿ, ಬರೆದು ಕೊಡ್ಲಿ. ಅಲ್ಲಿ ತನಕ ಅಪ್ಪ ಇಲ್ಲಿ ಇರಲ್ಲ.

…

ಏನಂದ್ರಿ?… ಇವತ್ತೇ ಸೇರದಿದ್ರೆ ಮನೆ ಸಾಲಲ್ಲಿ ಮುಂದಿರೋರಿಗೆ ಕೊಡ್ತೀರಾ? ಹಳೇ ಮನೆ ಬೀಗದ ಕೈ ಬೆಳಿಗ್ಗೆ ಒಪ್ಪಿಸಿ ಬಂದಿದೀವಿ ಅಂತ ಗೊತ್ತಿದ್ದೇ ಹೇಳ್ತಿದೀರಾ?… ಗೊತ್ತು. ಸರಿ. ಮುಂದಿನವರು ಯಾರು?… ಬಾಣಂತಿ! ನಾವು ಬೇಡ ಅಂದ್ರೆ ಇವತ್ತೇ ಬಂದು ಸೇರ್ತಾಳಾ? ಕೂಸಿಗೆ ಎಷ್ಟು ದಿನ?… ಅದಕ್ಕೂ ಇದೇ ಹಾಳೆ ತೋರಿಸ್ತೀರಾ?

…

ಧ್ವನಿ ಏರಿಸ್ಬೇಡಿ. ನಾನು ಏರಿಸಿದೀನಾ? ನೋಡಿ, ಜಗಳ ಬೇಡ. ನಿಮ್ಮ ಆಫೀಸು ಇಲ್ಲಿಂದ ಹತ್ತು ನಿಮಿಷ. ಬನ್ನಿ. ನೀರು ಚೆನ್ನಾಗಿದೆ ಅಂತೀರಲ್ಲ, ನಾನು ಹೊರಗೆ ನಿಲ್ತೀನಿ, ನೀವು ಬಚ್ಚಲಿಗೆ ಹೋಗಿ ಬಾಗಿಲು ಹಾಕ್ಕೊಂಡು ಶವರ್ ಕೆಳಗೆ ಐದೇ ನಿಮಿಷ ನಿಂತು ಬನ್ನಿ. ಟವೆಲ್ ನಾನೇ ಕೊಡ್ತೀನಿ. ಆಮೇಲೆ ಅಪ್ಪ ಇವತ್ತೇ ಇಲ್ಲಿ ಮಲಗ್ತಾರೆ. ಆಗ್ಬಹುದಾ?

…

ಯಾಕೆ ಆಗಲ್ಲ?

…

ಆಸ್ತಮಾ ಇದೆಯಾ ನಿಮಗೆ? ಅಯ್ಯೋ ಪಾಪ. ಹಾಗಾದ್ರೆ ನೀವು ಖಂಡಿತ ನಿಲ್ಬಾರ್ದು, ನನಗೂ ಅರ್ಥ ಆಗುತ್ತೆ. ನಿಮಗೆ ಬೇಡದ ನೀರು ಎಂಬತ್ತೊಂದು ವರ್ಷದೋರಿಗೆ ಆಗುತ್ತೆ, ಕೂಸಿಗೆ ಆಗುತ್ತೆ. ಆ ಬಾಣಂತಿಗೆ ನೀವು ಹೇಳ್ತೀರೋ, ಇಲ್ಲಿ ಬಾಗಿಲಲ್ಲೇ ನಿಂತು ನಾನೇ ಹೇಳ್ಲೋ?… ಹಲೋ? ಜೂಲಿಯನ್? ಕೇಳ್ತಿದೆಯಾ?… ಹಲೋ?

…

ಫೋನ್ ಇಟ್ಟುಬಿಟ್ಟ. ಅಪ್ಪಾ, ಕೋಟು ಬಿಚ್ಬೇಡ. ಸದ್ಯಕ್ಕೆ ನಮ್ಮನೆ ಸೋಫಾನೇ ನಿನಗೆ. ಆದ್ರೆ ಸ್ವಲ್ಪ ಹೊತ್ತು ಇಲ್ಲೇ ಕೂತಿರೋಣ, ಆ ಬಾಣಂತಿ ಹುಡುಗಿ ಕೂಸು ಎತ್ಕೊಂಡು ಬರೋ ತನಕ.