ತಿರುಗದ ಚಿಮಣಿ ಟೊಪ್ಪಿ

ಆಸ್ಪತ್ರೆಯ ಔಷಧಿ ಸಾಲಿನಲ್ಲಿ ಹೊಲಿಗೆ ಕೆಲಸದ ಹೆಂಗಸೊಬ್ಬಳ ಮುಂದೆ ಅಕ್ಕ ತಮ್ಮ ನಿಂತಿದ್ದರು. ತಮ್ಮನ ಬೆರಳುಗಳ ತುಂಬ ತಗಡು ಕೊಯ್ದ ಗಾಯಗಳು. ಕದ್ದು ಕೇಳುವುದು ತಪ್ಪೆಂದು ಹೊಲಿಗೆಯಾಕೆಗೆ ಗೊತ್ತಿತ್ತು. ಆದರೂ ಕಿವಿ ಅತ್ತಲೇ ಹೋಯಿತು.

“ಅಕ್ಕಾ, ಅವತ್ತು ರಾತ್ರಿ ನಿಮ್ಮನೇಲಿ ಹೊಗೆ ಕಟ್ಕೊಂಡಿದ್ದು ಹಕ್ಕಿಗೂಡಿನಿಂದಲ್ಲ. ಗಾಳಿಗೆ ತಿರುಗೋ ಚಿಮಣಿ ಟೊಪ್ಪೀನ ತಂತಿ ಬಿಗಿದು ನಿಲ್ಲಿಸಿದ್ದು ನಾನೇ.”

“ಗೊತ್ತು ಕಣೋ. ಕಿರುಗುಟ್ಟುತ್ತೆ, ನಿದ್ದೆ ಬರಲ್ಲ ಅಂತ ನಿನ್ನ ಪ್ರಾಣ ತಿಂದಿದ್ದು ನಾನೇ ಅಲ್ವಾ?”

“ನಿಂಗೇನು ಗೊತ್ತು ಪಾಪ. ಹದಿನೈದು ವರ್ಷದಿಂದ ಅದನ್ನೇ ಕೂರಿಸ್ತಿರೋನು ನಾನು. ಗಾಳಿಗೆ ಬೆನ್ನು ಕೊಟ್ಟು ತಿರುಗ್ತಿದ್ರೇನೇ ಹೊಗೆ ಹೊರಗೆ ಹೋಗೋದು. ಅವತ್ತು ಗಾಳಿ ದಿಕ್ಕು ಬದಲಾಯ್ತು, ನಿಂತಿದ್ದ ಟೊಪ್ಪಿ ಬಾಯಿಗೇ ನುಗ್ಗಿ ಹೊಗೇನೆಲ್ಲ ಒಳಕ್ಕೆ ನೂಕ್ತು. ನಿನ್ನನ್ನ ಎಬ್ಬಿಸಿದ್ವಿ. ಭಾವ ಏಳಲಿಲ್ಲ.”

“ಒಂದು ತೊಟ್ಟು ಎಣ್ಣೆ ಬಿಟ್ಟಿದ್ರೆ ಆಗ್ತಿರಲಿಲ್ವೇನೋ?”

“ಆಗ್ತಿತ್ತು. ಎಣ್ಣೆ ಡಬ್ಬಿ ಮರೆತು ಬಂದಿದ್ದೆ. ಇನ್ನೊಂದು ಸಲ ಏಣಿ ಹತ್ತೋಕೆ ಸೋಮಾರಿತನ.”

“ತಂತಿ ಬಿಚ್ಚಿದ್ಯಾ?”

“ಬಿಚ್ಚಿದೆ. ಈಗ ಗಾಳಿಯಿಲ್ಲದಾಗಲೂ ಕಿರುಗುಟ್ಟುತ್ತಕ್ಕಾ. ನಾನು ನಮ್ಮನೇಲಿ ಮಲಗಿದ್ರೂ ನಂಗೆ ಕೇಳುತ್ತೆ. ಆ ಮನೆ ಬೇಡ, ನಮ್ಮಲ್ಲಿಗೇ ಬಂದ್ಬಿಡು.”

ಅಕ್ಕ ಔಷಧಿ ಪೊಟ್ಟಣ ತೆಗೆದುಕೊಂಡು ಅವನ ತೋಳು ಹಿಡಿದಳು.

“ನಾನು ನನ್ನ ಮನೆಗೇ ಹೋಗ್ತೀನಿ. ಈಗ ಹೋಗಿ ಎಣ್ಣೆ ಗಿಣ್ಣೆ ಹಾಕ್ಬೇಡ. ಇನ್ಮೇಲೆ ಅದು ಸುಮ್ಮನಾದ್ರೇನೇ ನಂಗೆ ನಿದ್ದೆ ಬರಲ್ಲ.”

ಇಬ್ಬರೂ ಬಾಗಿಲ ಕಡೆ ನಡೆದರು.