ಎಂಟನೆಯ ಹೆಸರು

ಬೆಂಕಿಗೆ ಇನ್ನೊಂದು ಕೊರಡು ನೂಕಿ. ಹತ್ತಿರ ಬನ್ನಿ, ಇದು ಜೋರಾಗಿ ಹೇಳುವ ಮಾತಲ್ಲ.

ನಮ್ಮ ಪಕ್ಕದ ಮನೆಯ ತೇಯಾಳಿಗೆ ಆದದ್ದು ಇದು. ಹದಿನಾಲ್ಕು ವರ್ಷದಿಂದ ಮನಿಲಾದವರನ್ನು, ಕೆಳಗಿನ ಬಯಲಿನವರನ್ನು ನಮ್ಮ ಬೆಟ್ಟದ ತುದಿಗೆ ಹತ್ತಿಸಿ ಇಳಿಸಿಕೊಂಡು ಬರುವ ಗೈಡು ಅವಳು. ಬೆಟ್ಟ ನೋಡಲು ಬರುವವರನ್ನು ಕಂಡರೆ ಅವಳಿಗೆ ಮೊದಲಿನಿಂದಲೂ ಗುಮಾನಿ. ಬಾಟಲಿ ಎಸೆದರಾ, ಹೂವು ಕಿತ್ತರಾ, ಬಿಡಾರದ ಹಿಂದೆ ಗುಟ್ಟಾಗಿ ಕುಡಿದರಾ... ಇಳಿಯುವಾಗ ಚೀಲ ಬಿಚ್ಚಿಸಿ ನೋಡುವವಳು. ಅಂಥವಳು ಇಲ್ಲದ್ದನ್ನು ಕಂಡೆ ಅನ್ನುವವಳಲ್ಲ. ನಾನೂ ಇದಕ್ಕೆ ಉಪ್ಪು ಖಾರ ಸೇರಿಸುತ್ತಿಲ್ಲ.

ಆ ಸಲ ಬಂದವರು ಡಗುಪಾನ್ ಊರಿನ ಏಳು ಜನ ಹುಡುಗ ಹುಡುಗಿಯರು. ಸಾಮಾನು ಹೊರಲು ತೇಯಾಳ ಸೋದರಮಾವ ಸಿಯಾನೊ. ಸೂರ್ಯ ಹುಟ್ಟುವಾಗ ತುದಿಯಲ್ಲಿ ನಿಂತು, ಕಾಲಡಿ ಹರಡಿದ ಮೋಡದ ಮುಂದೆ ಫೋಟೊ ಹೊಡೆಸಿಕೊಂಡು, ಹತ್ತು ಗಂಟೆಗೆಲ್ಲ ಬಿಡಾರ ಕಿತ್ತು ಇಳಿಯುವುದು ಎಲ್ಲರ ರೂಢಿ. ಈ ಏಳು ಜನ ಒಂದೇ ಒಂದು ಫೋಟೊ ತೆಗೆಯಲಿಲ್ಲ.

"ಅಕ್ಕ, ನೀವು ಸ್ವಲ್ಪ ಕೆಳಗಿರ್ತೀರಾ? ನಾವು ನಾವೇ ಪ್ರಾರ್ಥನೆ ಮಾಡ್ಬೇಕು" ಅಂದ ಅವರ ಮುಂದಾಳು ನೋಯೆಲ್. ಇಪ್ಪತ್ತಾರರ ಹುಡುಗ. ಹತ್ತುವಾಗ ಒಂದು ಬಿಸ್ಕತ್ತಿನ ಡಬ್ಬಿಯನ್ನು ಎದೆಗೊತ್ತಿಕೊಂಡೇ ಬಂದಿದ್ದ. ಮಾವ ಕೈ ಚಾಚಿದರೂ ಕೊಟ್ಟಿರಲಿಲ್ಲ.

ತೇಯಾ ಐವತ್ತು ಹೆಜ್ಜೆ ಕೆಳಗೆ ಹುಲ್ಲಿನಲ್ಲಿ ಕೂತು ಮೇಲಕ್ಕೇ ಕಣ್ಣಿಟ್ಟಳು.

"ಪ್ರಾರ್ಥನೆಯಂತೆ. ಏನೋ ಹೂತು ಹಾಕ್ತಿದಾರೆ ಮಾವ."

"ಹೂಳಲಿ ಬಿಡೇ. ಬಿಸ್ಕತ್ತಿನ ಗಿಡ ಹುಟ್ಟಿದ್ರೆ ನಮಗೇ ಲಾಭ."

"ನಿನಗೆ ಎಲ್ಲದ್ರಲ್ಲೂ ತಮಾಷೆ."

"ನಿನಗೆ ಎಲ್ರ ಮೇಲೂ ಅನುಮಾನ. ಸರಿಹೋಯ್ತಲ್ಲ."

ಕೆಳಗಿಳಿದವರ ಕಣ್ಣು ಕೆಂಪಾಗಿತ್ತು. ಬಿಡಾರಕ್ಕೆ ಬಂದು ಗೆಣಸು ಬೇಯಿಸಿ ಕೊಟ್ಟರೆ ಯಾರೂ ಸರಿಯಾಗಿ ತಿನ್ನಲಿಲ್ಲ. ಹೊರಡಿ ಅಂದರೆ ಇನ್ನೊಂದು ಗಳಿಗೆ ಅನ್ನುತ್ತಾ ನಾಲ್ಕು ಗಂಟೆ ಮಾಡಿದರು. ಅಷ್ಟರಲ್ಲಿ ಮಂಜು ಇಳಿದು, ಎದುರಿಗಿದ್ದವರ ಮುಖ ಕಾಣದಷ್ಟು ಕವಿದುಕೊಂಡಿತು. ತೇಯಾಳಿಗೆ ಸಿಟ್ಟು ನೆತ್ತಿಗೇರಿತ್ತು. ಆ ಸಿಟ್ಟೇ ಅವಳಿಂದ ತಪ್ಪು ಮಾಡಿಸಿದ್ದು.

ನಮ್ಮಲ್ಲಿ ಬೆಟ್ಟದಿಂದ ಸುಮ್ಮನೆ ಇಳಿಯುವುದಿಲ್ಲ. ಮೈ ಇಳಿದರೂ ಜೀವ ಮೇಲೇ ಆಡುತ್ತಾ ಕೂತುಬಿಡುತ್ತದೆ. ಹುಲ್ಲು ಮುಗಿದು ಕಾಡು ಶುರುವಾಗುವ ಕಡೆ ಒಂಟಿ ಪೈನ್ ಮರ ಇದೆಯಲ್ಲ, ಅಲ್ಲಿ ನಿಂತು ಒಬ್ಬೊಬ್ಬರ ಹೆಸರು ಹಿಡಿದು ಕರೆಯಬೇಕು. ಬಾ, ಹೋಗೋಣ, ಇಲ್ಲೇ ಉಳೀಬೇಡ... ಅಂತ. ತೇಯಾ ಯಾವತ್ತೂ ಜನರ ಮುಖ ನೋಡಿ ಕರೆಯುವವಳು. ಆವತ್ತು ಮಂಜಿನಲ್ಲಿ ಯಾವ ಮುಖವೂ ಕಾಣಲಿಲ್ಲ. ಅವರನ್ನು ಮಾವನ ಹಿಂದೆ ಕೆಳಗೆ ಬಿಟ್ಟು, ತಾನೊಬ್ಬಳೇ ಮರದ ಬುಡದಲ್ಲಿ ನಿಂತು, ಚೆಕ್‌ಪೋಸ್ಟಿನವರು ಕೊಟ್ಟ ಹೆಸರಿನ ಪಟ್ಟಿಗೆ ಟಾರ್ಚು ಹಿಡಿದು ಓದುತ್ತಾ ಹೋದಳು.

"ನೋಯೆಲ್ ಮಕಾರಯೆಗ್... ಬಾ, ಹೋಗೋಣ, ಇಲ್ಲೇ ಉಳೀಬೇಡ. ಜಿನಾ ಮಕಾರಯೆಗ್... ಬಾ, ಹೋಗೋಣ..."

ಏಳು ಹೆಸರು ಮುಗಿದವು. ಕೆಳಗೆ ಇನ್ನೊಂದಿತ್ತು. ಬಾಯಿ ತನ್ನಷ್ಟಕ್ಕೆ ಓದಿಬಿಟ್ಟಿತು.

"ಅರ್ಲೀನ್ ಮಕಾರಯೆಗ್... ಬಾ, ಹೋಗೋಣ, ಇಲ್ಲೇ ಉಳೀಬೇಡ."

ಅಂದ ಮೇಲೆ ನೆನಪಾಯಿತು. ಚೆಕ್‌ಪೋಸ್ಟಿನಲ್ಲಿ ನೋಯೆಲ್ ಹೇಳಿದ್ದ: 'ಅವಳು ನನ್ನ ತಂಗಿ ಅಕ್ಕ. ರಜೆ ಸಿಗಲಿಲ್ಲ, ಬಂದಿಲ್ಲ.' ಬಾರದವಳನ್ನು ಕರೆದೆನಲ್ಲ ಎಂದು ನಾಲಿಗೆ ಕಚ್ಚಿಕೊಂಡಳು.

ಆಗ... ಮೇಲಿನಿಂದ, ತುದಿಯ ಕಡೆಯಿಂದ...

"ಬಂದೆ! ಬಂದೆ... ನಿಲ್ಲಿ!"

ಹೆಣ್ಣು ದನಿ. ದೂರದಿಂದ, ಏದುಸಿರು ಬಿಡುತ್ತಾ, ಎಲ್ಲಿ ಬಿಟ್ಟುಹೋಗುತ್ತಾರೋ ಅನ್ನುವ ಗಾಬರಿಯಲ್ಲಿ.

ತೇಯಾ ಟಾರ್ಚು ಮೇಲಕ್ಕೆತ್ತಿದಳು. ಮಂಜು ಬಿಟ್ಟರೆ ಏನೂ ಇಲ್ಲ. "ಯಾರೇ ಅದು ತಮಾಷೆ ಮಾಡ್ತಿರೋದು?" ಎಂದು ಕೂಗಿದಳು. ಕೆಳಗಡೆ ದಾರಿಯಲ್ಲಿ ತಲೆಗೆ ಕಟ್ಟಿದ ದೀಪಗಳು ಕಂಡವು. ಎಣಿಸಿದಳು. ಏಳು ದೀಪ, ಮುಂದೆ ಮಾವನ ಲಾಟೀನು. ಎಲ್ಲರೂ ಕೆಳಗಿದ್ದರು. ಯಾರೂ ನಗಲಿಲ್ಲ.

ಇಳಿಯತೊಡಗಿದರು. ತೇಯಾ ಕೊನೆಯವಳು. ಅವಳ ಹಿಂದೆ ಹುಲ್ಲು ಸರ್ರ್... ಸರ್ರ್... ಎಂದು ಸೀಳಿಕೊಳ್ಳುತ್ತಿತ್ತು. ಇಳಿಜಾರಿನಲ್ಲಿ ಒಂದು ಕಲ್ಲು ಟಕ್, ಟಕ್, ಟಕ್ ಎಂದು ಉರುಳಿ ಅವಳ ಹಿಮ್ಮಡಿಗೆ ಬಡಿಯಿತು. ನಿಂತರೆ ಅದೂ ನಿಲ್ಲುತ್ತಿತ್ತು. ನಿಂತ ಮೇಲೆ ಮಾತ್ರ ಕೇಳಿಸುತ್ತಿತ್ತು... ಹ್ಹ... ಹ್ಹ... ಹ್ಹ... ಓಡಿ ಬಂದವರ ಉಸಿರು.

ಬೇರೆ ಗುಂಪಿನವರು ಯಾರೋ ದಾರಿ ತಪ್ಪಿ ಸೇರಿರಬೇಕು ಅಂದುಕೊಂಡಳು. ಆದರೆ ಅವತ್ತು ಬೆಟ್ಟದಲ್ಲಿ ಬೇರೆ ಗುಂಪೇ ಇರಲಿಲ್ಲ.

ತೊರೆಗೆ ಅಡ್ಡ ಹಾಕಿದ ಮರದ ದಿಮ್ಮಿಯ ಹತ್ತಿರ ಎಲ್ಲರನ್ನೂ ನಿಲ್ಲಿಸಿದಳು. ಮಾವ ಮೊದಲೇ ದಾಟಿ ಆಚೆ ದಡದಲ್ಲಿ ಲಾಟೀನು ಎತ್ತಿ ಹಿಡಿದಿದ್ದ. ಒಬ್ಬೊಬ್ಬರೇ ದಿಮ್ಮಿ ಹತ್ತುವಾಗ ತೇಯಾ ಭುಜ ತಟ್ಟಿ ಎಣಿಸಿದಳು. ಒಂದು... ಎರಡು... ಮೂರು... ಏಳು. ಕೈ ಇಳಿಸಬೇಕು, ಅಷ್ಟರಲ್ಲಿ ಇನ್ನೊಂದು ಭುಜ ಅವಳ ಅಂಗೈಗೆ ಬಂದು ತಾಗಿತು. ತೆಳ್ಳನೆಯ ಭುಜ. ಒದ್ದೆ ಅಂಗಿ. ಗಡಗಡ ನಡುಗುತ್ತಿತ್ತು.

"ಮಾವ..."

"ಏನೇ?" ಆಚೆ ದಡದಿಂದ ಮಾವನ ದನಿ.

"ನೀ ಅಲ್ಲೇ ಇದೀಯಾ?"

"ಇನ್ನೆಲ್ಲಿರ್ಲಿ? ಬೇಗ ದಾಟಿಸು, ಕೈ ಸೆಡೆತು ಹೋಯ್ತು."

ತೇಯಾ ದಿಮ್ಮಿ ದಾಟಿದಳು. ಹೇಗೆ ದಾಟಿದಳೋ ಅವಳಿಗೇ ಗೊತ್ತಿಲ್ಲ. ನೇರ ಹೋಗಿ ನೋಯೆಲ್‌ನ ಕೊರಳಪಟ್ಟಿ ಹಿಡಿದಳು.

"ಅರ್ಲೀನ್ ಎಲ್ಲಿ?" ಪಿಸುದನಿಯಲ್ಲೇ ಕೇಳಿದಳು.

"ಬಂದಿಲ್ಲ ಅಂದ್ನಲ್ಲ ಅಕ್ಕ..."

"ಚೀಲ ಬಿಚ್ಚು."

"ಅಕ್ಕ, ಬೇಡ..."

"ಬಿಚ್ಚೋ!"

ಬಿಸ್ಕತ್ತಿನ ಡಬ್ಬಿ ಖಾಲಿಯಿತ್ತು. ಅಂಚಿನ ಮಡಿಕೆಯಲ್ಲಿ ಬೂದಿ ಮೆತ್ತಿಕೊಂಡಿತ್ತು. ತೇಯಾ ಬೆರಳಿಗೆ ಹಚ್ಚಿಕೊಂಡು ನೋಡಿದಳು. ಅಡುಗೆ ಒಲೆಯ ಬೂದಿಯಲ್ಲ ಅದು.

"ಜ್ವರ ಬಂದು ಹೋದ್ಳು," ಅಂದ ನೋಯೆಲ್. "ಮಾರ್ಚ್‌ನಲ್ಲಿ. ಈ ಬೆಟ್ಟದ ಮೇಲೇ ಇರ್ಬೇಕು ಅಂತ ಅವಳ ಆಸೆ ಆಗಿತ್ತು. ಅದಕ್ಕೇ ಪಟ್ಟೀಲಿ ಅವಳ ಹೆಸ್ರೂ ಬರೆಸ್ದೆ."

"ಸುಳ್ಳು!" ಅಂದಳು ಅವರ ಚಿಕ್ಕಪ್ಪನ ಮಗಳು ಜಿನಾ. "ಅವಳು ಫ್ಯಾನ್ ಹಾಕಿದ್ರೂ ಕಂಬಳಿ ಹೊದೀತಿದ್ಳು. ಬೆಟ್ಟದ ಮಾತು ಒಂದಿನ ಆಡಿಲ್ಲ. ನೀನೇ ಕಥೆ ಕಟ್ಟಿ ನಮ್ಮನ್ನೆಲ್ಲ ಕರ್ಕೊಂಡು ಬಂದೆ. ಈಗ ಕೇಳಿಸ್ತಲ್ಲ? ಅವಳ ದನಿ ನಿನಗೂ ಕೇಳಿಸ್ತು ತಾನೆ?"

ಹುಡುಗ ಕುಸಿದು ಕೂತ. ಕೇಳಿಸಿತ್ತು ಅವನಿಗೂ.

"ಅಮ್ಮ ನಿದ್ದೆನೇ ಮಾಡಲ್ಲ ಅಕ್ಕ. ಇಡೀ ದಿನ ಆ ಡಬ್ಬಿ ಜೊತೆ ಮಾತು. ಅದಕ್ಕೆ ತಟ್ಟೆ ಇಡ್ತಾಳೆ, ಅನ್ನ ಬಡಿಸ್ತಾಳೆ. ಕಣ್ಣೆದುರಿಂದ ದೂರ ಆದ್ರೆ ಅಮ್ಮ ಬದುಕ್ತಾಳೆ ಅಂದ್ಕೊಂಡೆ. ಹೇಳ್ದೆ ಎತ್ಕೊಂಡು ಬಂದ್ಬಿಟ್ಟೆ."

ಮಾವ ತೇಯಾಳ ತೋಳು ಹಿಡಿದು ಪಕ್ಕಕ್ಕೆಳೆದ. ಅವನ ತಮಾಷೆಯೆಲ್ಲ ಇಳಿದುಹೋಗಿತ್ತು.

"ಕರೆದೋಳು ನೀನು. ಅದು ನಿನ್ನ ಹಿಂದೇನೇ ಬರೋದು. ಅವರ ಮನೆಯೋರು ಕರ್ಕೊಂಡ್ರೆ ಸರಿ. ಇಲ್ದಿದ್ರೆ ನಿನ್ನ ಮನೆ ಬಾಗಿಲಿಗೇ..."

ಮುಂದಿನದು ಹೇಳಬೇಕಾಗಿರಲಿಲ್ಲ. ತೇಯಾಳ ಮನೆಯಲ್ಲಿ ಅವಳ ತಂಗಿ ಹೆತ್ತು ಹನ್ನೊಂದು ದಿನ. ಕೂಸಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ಹೆಸರಿಲ್ಲದ ಮೈ ಇರುವ ಮನೆಗೆ ಮೈಯಿಲ್ಲದ ಹೆಸರನ್ನು ಕರೆದುಕೊಂಡು ಹೋದರೆ ಏನಾಗುತ್ತದೆ ಅಂತ ನಮ್ಮಲ್ಲಿ ಎಲ್ಲರಿಗೂ ಗೊತ್ತು.

"ಕರಿ," ಎಂದಳು ನೋಯೆಲ್‌ಗೆ. "ಅಣ್ಣ ನೀನು. ಬಾ, ನಮ್ಮನೆಗೆ ಹೋಗೋಣ ಅನ್ನು."

"ಅರ್ಲೀನ್..." ಹುಡುಗ ತೊರೆಯ ಕಡೆ ತಿರುಗಿದ. "ಅರ್ಲೀನ್, ಬಾ, ಮನೆಗೆ ಹೋಗೋಣ."

ತೊರೆ ಜುಳುಜುಳು ಅನ್ನುತ್ತಿತ್ತು. ಬೇರೆ ಸದ್ದಿಲ್ಲ. ಮತ್ತೆ ಕರೆದ. ಮೂರು ಸಲ ಕರೆದ. ಇಲ್ಲ.

"ನಾನೇ ಬಿಟ್ಟು ಬಂದೋನು," ಎಂದು ಅತ್ತ. "ನಾನು ಕರೆದ್ರೆ ಹೇಗೆ ಬರ್ತಾಳೆ?"

ತೇಯಾ ತುಟಿ ಒದ್ದೆ ಮಾಡಿಕೊಂಡಳು. ಮೆಲ್ಲಗೆ... ಬರಿಯ ಉಸಿರಿನಲ್ಲಿ... "ಅರ್ಲೀನ್?"

"ಹ್ಞೂಂ..."

ಅವಳ ಎಡಗಿವಿಯ ಪಕ್ಕದಲ್ಲೇ.

ಅಲ್ಲಿಂದ ರಸ್ತೆಗೆ ಒಂದೂವರೆ ಗಂಟೆ. ಆ ಹುಡುಗರ ಬಾಡಿಗೆ ವ್ಯಾನು ಕಾದು ನಿಂತಿತ್ತು. ತಾನು ಹೋಗದೆ ಆ ಹುಡುಗಿ ತಾಯಿಯ ಮನೆ ಮುಟ್ಟುವುದಿಲ್ಲ ಅಂತ ತೇಯಾಳೂ ಹತ್ತಿ, ಹಿಂದಿನ ಸೀಟಿನಲ್ಲಿ ಕಿಟಕಿ ಪಕ್ಕದ ಜಾಗ ಖಾಲಿ ಬಿಟ್ಟು ಕೂತಳು. ಯಾಕೆ ಬಿಟ್ಟೆ ಅಂತ ಯಾರೂ ಕೇಳಲಿಲ್ಲ.

ವ್ಯಾನು ನಮ್ಮ ಊರೊಳಗೇ ಹಾದುಹೋಗಬೇಕು. ಮಾವ ತಿರುವಿನಲ್ಲೇ ಇಳಿದುಕೊಂಡ. ತೇಯಾಳ ಮನೆಯ ದೀಪ ಕಂಡಿತು. ಅಕ್ಕ ಇನ್ನೂ ಬರಲಿಲ್ಲವಲ್ಲ ಅಂತ ತಂಗಿ, ಕೂಸನ್ನು ಕಂಬಳಿಯಲ್ಲಿ ಸುತ್ತಿಕೊಂಡು, ಗೇಟಿನ ಹತ್ತಿರವೇ ನಿಂತಿದ್ದಳು. ವ್ಯಾನು ನಿಲ್ಲಿಸಲು ಕೈ ಅಡ್ಡ ಹಿಡಿದಳು.

ತೇಯಾಳ ಪಕ್ಕದ ಸೀಟು ಕಿರ್ರ್... ಅಂದಿತು. ಯಾರೋ ಹಗುರಾಗಿ ಎದ್ದ ಹಾಗೆ.

"ನಿಲ್ಲಿಸ್ಬೇಡಿ!" ತೇಯಾ ಡ್ರೈವರಿಗೆ ಕಿರುಚಿದಳು. ಕಿಟಕಿಯಿಂದ ತಂಗಿಗೆ, "ಒಳಗೆ ಹೋಗೇ! ಬಾಗಿಲು ಹಾಕ್ಕೋ! ಹೋಗೇ!"

ತಂಗಿ ಬೆಚ್ಚಿ ಹಿಂದೆ ಸರಿದಳು. ಕೂಸು ಚೀರಿತು. ವ್ಯಾನು ಮುಂದೆ ಹೋಯಿತು. ತೇಯಾ ಖಾಲಿ ಸೀಟಿನ ಮೇಲೆ ಕೈಯಿಟ್ಟು, "ಇದಲ್ಲ ನಿನ್ನ ಮನೆ," ಅಂದಳು. "ನಿಮ್ಮಮ್ಮನ ಹತ್ರ ಹೋಗೋಣ. ಕೂತ್ಕೋ ಮಗಾ." ಹೆದರಿಕೆಯ ನಡುವೆಯೂ ಆ ಹುಡುಗಿಯ ಮೇಲೆ ಅವಳಿಗೆ ಅಯ್ಯೋ ಅನ್ನಿಸಿತ್ತಂತೆ. ಸ್ವಲ್ಪ ಹೊತ್ತಿಗೆ ಸೀಟು ಮತ್ತೆ ಕಿರ್ರ್ ಅಂದಿತು.

ಬಗಿಯೊ ಪೇಟೆ ದಾಟಿ, ಘಟ್ಟದ ತಿರುವುಗಳೆಲ್ಲ ಇಳಿದು, ಡಗುಪಾನ್ ಮುಟ್ಟುವಾಗ ಬೆಳಗಿನ ಜಾವ. ಉಳಿದವರನ್ನೆಲ್ಲ ಅವರವರ ಬೀದಿಯಲ್ಲಿ ಇಳಿಸಿ, ಕೊನೆಗೆ ನೋಯೆಲ್ ಮನೆ. ಅವನೂ ತೇಯಾಳೂ ಮೆಟ್ಟಿಲು ಹತ್ತಿದರು. ಬಾಗಿಲು ತಟ್ಟುವ ಮೊದಲೇ ತೆರೆಯಿತು.

ಅವರ ತಾಯಿ ಸಣ್ಣಗಿನ ಹೆಂಗಸು. ತಲೆ ಕೆದರಿತ್ತು. ಮಗನ ಮುಖ ನೋಡಲಿಲ್ಲ, ತೇಯಾಳ ಮುಖವನ್ನೂ ನೋಡಲಿಲ್ಲ. ಇಬ್ಬರ ನಡುವಿನ ಜಾಗ ನೋಡಿದಳು.

"ಅಯ್ಯೋ ನನ್ನ ಕಂದಾ... ಎಷ್ಟು ನಡೆಸಿದಾರೆ ನಿನ್ನ!"

ಒಳಗೆ ಹೋಗಿ ಬಿಸಿನೀರಿನ ಬೋಗುಣಿ ತಂದಳು. ಖಾಲಿ ಕುರ್ಚಿಯ ಮುಂದಿಟ್ಟು, ನೆಲದ ಮೇಲೆ ಕೂತು, ನೀರಿಗೆ ಎರಡೂ ಕೈ ಹಾಕಿ ಮೆಲ್ಲಗೆ ಉಜ್ಜತೊಡಗಿದಳು. ಚುಳ್... ಚುಳ್... ಹಿಮ್ಮಡಿ, ಬೆರಳ ಸಂದಿ, ಒಂದನ್ನೂ ಬಿಡದೆ. ನೋಯೆಲ್ ಗೋಡೆಗೊರಗಿ ಅಳುತ್ತಿದ್ದ.

"ಅಮ್ಮಾ, ತಪ್ಪಾಯ್ತು..."

"ಆಮೇಲೆ ಅಳು. ಈಗ ಟವಲ್ ತಾ, ಮಗು ನಡುಗ್ತಿದೆ."

ತೇಯಾ ಆ ಮಧ್ಯಾಹ್ನದ ಬಸ್ಸಿಗೆ ವಾಪಸು ಬಂದಳು. ಹಿಂದೆ ಯಾರೂ ಇರಲಿಲ್ಲ. ಕೂಸನ್ನು ಎತ್ತಿಕೊಂಡು ಅತ್ತಳು ಅಂತ ಅವಳ ತಂಗಿ ಹೇಳಿದ್ದು ಕೇಳಿದ್ದೇನೆ. ಆ ಕೂಸಿಗೆ ಏನೂ ಆಗಲಿಲ್ಲ, ಈಗ ಸ್ಕೂಲಿಗೆ ಹೋಗುತ್ತಾನೆ.

ನೀವು ಅನ್ನಬಹುದು, ಮಗಳನ್ನು ಕಳಕೊಂಡ ತಾಯಿ, ಅವಳಿಗೆ ಏನೇನೋ ಕಂಡಿರುತ್ತದೆ ಅಂತ. ನಾನೂ ತೇಯಾಳಿಗೆ ಅದನ್ನೇ ಅಂದೆ. ಅವಳಿಗೆ ಕೆಂಡದಂಥ ಕೋಪ ಬಂತು.

"ಆ ಬೋಗುಣಿ ನೀರು ಹಿತ್ತಲಿಗೆ ಹೊತ್ಕೊಂಡು ಹೋಗಿ ಚೆಲ್ಲಿದೋಳು ನಾನು," ಅಂದಳು. "ತಳದಲ್ಲಿ ಒಂದು ಬೆರಳು ದಪ್ಪ ಕಪ್ಪು ಮಣ್ಣು ಕೂತಿತ್ತು, ನಮ್ಮ ಬೆಟ್ಟದ್ದೇ ಮಣ್ಣು. ಆ ಮನೇಲಿ ಬೆಟ್ಟದಿಂದ ಬಂದೋರು ನಾನು, ಆ ಹುಡುಗ, ಇಬ್ರೇ. ನಾವಿಬ್ರೂ ಇನ್ನೂ ಬೂಟು ಬಿಚ್ಚಿರಲಿಲ್ಲ."