ಎಡಕ್ಕೇ ಹೋಗುತ್ತಿದ್ದ ಗುಂಡು

ಕ್ವಾಲಾಲಂಪುರದ ಕೋವಿಡ್ ಲಸಿಕೆ ಕೇಂದ್ರದಲ್ಲಿ ಚುಚ್ಚಿಸಿಕೊಂಡವರನ್ನು ದೂರದೂರ ಕೂರಿಸಿದ್ದರು. ಮಾಸ್ಕಿನೊಳಗಿಂದ ಗಟ್ಟಿಯಾಗಿ ಕನ್ನಡ ಕೇಳಿಸಿದ್ದೇ ತಡ, ತಾನೂ ಚುಚ್ಚಿಸಿಕೊಂಡು ಕೂತಿದ್ದ ಚೈತನ್ಯಾಳ ಕಿವಿ ನೆಟ್ಟಗಾಯಿತು. ಮುಂದಿನ ಸಾಲಿನಲ್ಲಿ ವಯಸ್ಸಾದ ಗಂಡ ಹೆಂಡತಿ.

“ತೋಳು ಭಾರ ಆಗಿದೆ ಜಲಜಾ. ಥೇಟ್ ನನ್ನ ಆ ದೊಡ್ಡ ರಿವಾಲ್ವರ್ ಹೊಡೆದ ಹಾಗೆ.”

“ಆ ಎಡವಟ್ಟು ರಿವಾಲ್ವರಾ? ಗುರಿ ಒಂದು ಕಡೆ, ಗುಂಡು ಒಂದು ಕಡೆ.”

“ನಳಿಗೆಯೊಳಗೆ ಅಂಟಿದ್ದ ಸೀಸ ಕೆರೆಸ್ದೆ, ಅಲ್ಲಾಡ್ತಿದ್ದ ಸಿಲಿಂಡರ್ ಬಿಗಿ ಮಾಡಿಸ್ದೆ, ಗುಂಡೂ ಬದಲಾಯಿಸ್ದೆ. ಆದ್ರೂ ಎಡಕ್ಕೇ ಹೋಗ್ತಿತ್ತು.”

“ಮೈಸೂರಿನ ಶೂಟಿಂಗ್ ರೇಂಜಲ್ಲಿ ನಾನು ಕಿವಿಗೆ ಹತ್ತಿ ತುರುಕಿ, ಉಪ್ಪಿಟ್ಟಿನ ಡಬ್ಬಿ ಹಿಡ್ಕೊಂಡು ನಿಮ್ಮ ಹಿಂದೆ ಕೂತಿರ್ತಿದ್ದೆ.”

“ಆ ಮದ್ದಿನ ವಾಸನೆ ಈಗಲೂ ಮೂಗಲ್ಲಿದೆ ಕಣೇ. ಮಾರಿದ ದಿನಾನೂ ಅದನ್ನ ಬೈದೇ ಕಳಿಸ್ದೆ.”

“ರೀ, ಈಗ ಸೂಜಿ ತಾಗೋಕೆ ಮುಂಚೆನೇ ಕಣ್ಣು ಮುಚ್ಚಿ ಕೈ ಎಳ್ಕೊಂಡ್ರಲ್ಲ?”

“ಅದಕ್ಕೇನೀಗ?”

“ಗುಂಡು ಹಾರಿಸೋವಾಗಲೂ ಹೀಗೇ ಮಾಡ್ತಿದ್ರಾ? ಹಿಂದೆ ಕೂತೋಳಿಗೆ ನಿಮ್ಮ ಮುಖ ಕಾಣ್ತಿರ್ಲಿಲ್ಲ. ಇವತ್ತು ಎದುರಿಗಿದ್ದೆ.”

ಸ್ವಯಂಸೇವಕಿ ಬಂದು, “ಓಕೆ ಲಾ ಅಂಕಲ್, ಮನೆಗೆ ಹೋಗಬಹುದು,” ಎಂದು ಸನ್ನೆ ಮಾಡಿದಳು. ಹೆಂಡತಿಯ ಕೈ ಹಿಡಿದು ಎದ್ದ ಆತ, ಬಾಗಿಲು ದಾಟುವಾಗ ಅಂದದ್ದು ಚೈತನ್ಯಾಗೆ ಕೇಳಿಸಿತು:

“ಪಾಪ, ಅದನ್ನ ಸುಮ್‌ಸುಮ್ನೆ ಬೈದೆ.”